ಸಂದೇಶ ಸಿಕ್ಕರೆ ಬೆಳಕು: ನಾನು ಎಂಆರ್‌ಎನ್‌ಎ ತಯಾರಿಸಿದ ಬಗೆ

ಡಿಎನ್‌ಎಯಲ್ಲಿರುವ ಮಾಹಿತಿಯನ್ನು ಎಂಆರ್‌ಎನ್‌ಎ ರೈಬೋಸೋಮಿಗೆ ಒಯ್ಯುತ್ತದೆ, ರೈಬೋಸೋಮ್ ಅದನ್ನು ಓದಿ ಪ್ರೋಟೀನ್ ಕಟ್ಟುತ್ತದೆ ಎಂಬುದನ್ನು ಪಿಯುಸಿಯಿಂದಲೇ ಓದಿಕೊಂಡು ಬಂದವಳು ನಾನು. ಆ ಎಂಆರ್‌ಎನ್‌ಎಯನ್ನು ಕೈಯಾರೆ ತಯಾರಿಸುವ ಅವಕಾಶ ಸಿಕ್ಕಿದ್ದು ಪಿಎಚ್‌ಡಿಯ ಎರಡನೇ ವರ್ಷದಲ್ಲಿ. ಆರಿಸಿಕೊಂಡದ್ದು ಮಿಂಚುಹುಳುವಿನ ಲ್ಯೂಸಿಫರೇಸ್. 550 ಅಮೈನೋ ಆಮ್ಲಗಳ ಈ ಪ್ರೋಟೀನ್ ತಯಾರಾಗಿದ್ದರೆ, ಲ್ಯೂಸಿಫೆರಿನ್ ಎಂಬ ರಾಸಾಯನಿಕ ಬೆರೆಸಿದೊಡನೆ ಬೆಳಕು ಹೊಮ್ಮುತ್ತದೆ.

ಲ್ಯೂಸಿಫರೇಸ್ ಜೀನನ್ನೂ ಅದರ ಕೊನೆಗೆ ಅಡಿನಿನ್‌ಗಳ ಬಾಲವನ್ನೂ ಹೊತ್ತ ಪ್ಲಾಸ್ಮಿಡ್ಡನ್ನು, ಅಂದರೆ ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ಉಂಗುರಾಕಾರದ ಪುಟ್ಟ ಡಿಎನ್‌ಎಯನ್ನು, ಬಾಲದ ಆಚೆಗೆ ಕತ್ತರಿಸಿ, ಡಿಎನ್‌ಎ ನೋಡಿ ಆರ್‌ಎನ್‌ಎ ಬರೆಯುವ ಟಿ7 ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಮತ್ತು ಆರ್‌ಎನ್‌ಎಯ ಅಕ್ಷರಗಳಾದ ನಾಲ್ಕು ನ್ಯೂಕ್ಲಿಯೋಟೈಡ್‌ಗಳ ಜೊತೆ 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟೆ. ಆರ್‌ಎನ್‌ಎಯನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿ ನೋಡಿದರೆ, ಒಂದು ಖಚಿತವಾದ ಪಟ್ಟಿ ಕಾಣಬೇಕಾದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದಂಥ ಮಸುಕು ಮಾತ್ರ ಇತ್ತು. ಆರ್‌ಎನ್‌ಎ ಚೂರುಚೂರಾಗಿತ್ತು. ಕಾರಣ ಹುಡುಕಲು ಎರಡು ವಾರ ಹಿಡಿಯಿತು. ಪ್ಲಾಸ್ಮಿಡ್ ಶುದ್ಧೀಕರಿಸುವಾಗ ಬ್ಯಾಕ್ಟೀರಿಯಾದ ಆರ್‌ಎನ್‌ಎಯನ್ನು ನಾಶಪಡಿಸಲೆಂದು ನಾನೇ ಆರ್‌ಎನ್‌ಏಸ್ ಎ ಎಂಬ ಕಿಣ್ವ ಬೆರೆಸಿದ್ದೆ, ಅದೇ ಬೆಂಚಿನ ಮೇಲೆ ಅದೇ ಪಿಪೆಟ್ಟನ್ನು ಮುಂದಿನ ಕೆಲಸಕ್ಕೂ ಬಳಸಿದ್ದೆ. ನಾಲ್ಕು ಡೈಸಲ್ಫೈಡ್ ಬಂಧಗಳಿಂದ ಬಿಗಿದುಕೊಂಡಿರುವ ಈ ಕಿಣ್ವ ಕುದಿಸಿದರೂ ಪೂರ್ತಿ ಸಾಯುವುದಿಲ್ಲ. ಅಲ್ಲಿಂದ ಮುಂದೆ ಪ್ಲಾಸ್ಮಿಡ್ಡನ್ನು, ಕಿಣ್ವಗಳಂಥ ಪ್ರೋಟೀನುಗಳನ್ನು ತೆಗೆದುಹಾಕುವ ಪ್ರೋಟಿನೇಸ್ ಕೆ ಮತ್ತು ಫೀನಾಲ್‌ನಿಂದ ಶುದ್ಧಗೊಳಿಸಿದೆ, ಆರ್‌ಎನ್‌ಎಗೆಂದೇ ಬೇರೆ ಪಿಪೆಟ್ಟುಗಳನ್ನು ಮೀಸಲಿಟ್ಟೆ, ಗ್ಲೌಸ್ ಹಾಕಿದ ಕೈಯಿಂದ ಬಾಗಿಲ ಹಿಡಿ ಮುಟ್ಟಿದರೆ ಗ್ಲೌಸ್ ಬದಲಿಸಿದೆ. ಆಗ ಜೆಲ್‌ನಲ್ಲಿ ಒಂದೇ ಒಂದು ಪಟ್ಟಿ ಮೂಡಿತು.

ಮುಂದಿನ ಹಂತಕ್ಕೆ ಬೇಕಾಗಿದ್ದು ಮೊಲದ ಎಳೆಯ ಕೆಂಪು ರಕ್ತಕಣಗಳನ್ನು ಒಡೆದು ತೆಗೆದ ದ್ರವ. ಇದರಲ್ಲಿ ರೈಬೋಸೋಮ್, ಅಮೈನೋ ಆಮ್ಲಗಳನ್ನು ಹೊತ್ತು ತರುವ ಟಿಆರ್‌ಎನ್‌ಎ, ಪ್ರೋಟೀನ್ ಕಟ್ಟಲು ಬೇಕಾದ ಇತರ ಅಂಶಗಳು ಎಲ್ಲವೂ ಇರುತ್ತವೆ. ಆದರೆ ಆ ಕಣಗಳ ಸ್ವಂತ ಗ್ಲೋಬಿನ್ (ಹಿಮೋಗ್ಲೋಬಿನ್ನಿನ ಪ್ರೋಟೀನ್) ಸಂದೇಶಗಳೂ ಇರುತ್ತವೆ. ಕ್ಯಾಲ್ಸಿಯಂ ಇದ್ದರೆ ಮಾತ್ರ ಕೆಲಸ ಮಾಡುವ ನ್ಯೂಕ್ಲಿಯೇಸೊಂದರಿಂದ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ಆ ಸಂದೇಶಗಳನ್ನು ಅಳಿಸಿ, ಆಮೇಲೆ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿ ಕಿಣ್ವವನ್ನು ನಿಲ್ಲಿಸುವ ಉಪಾಯವನ್ನು 1976ರಲ್ಲಿ ವಿಜ್ಞಾನಿಗಳಾದ ಪೆಲ್ಹಮ್ ಮತ್ತು ಜಾಕ್ಸನ್ ಪ್ರಕಟಿಸಿದರು. ಇಷ್ಟು ಚೆಂದದ ಉಪಾಯ ಜೀವರಸಾಯನದಲ್ಲಿ ಅಪರೂಪವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಓದುವ ಯಂತ್ರವನ್ನು ಉಳಿಸಿಕೊಂಡು ಓದಬೇಕಾದ ಬರಹವನ್ನಷ್ಟೇ ಅದು ತೆಗೆದುಹಾಕುತ್ತದೆ.

ಎರಡು ಟ್ಯೂಬುಗಳನ್ನು 30 ಡಿಗ್ರಿಯಲ್ಲಿಟ್ಟು, ಒಂದಕ್ಕೆ ಮಾತ್ರ ನನ್ನ ಎಂಆರ್‌ಎನ್‌ಎ ಹಾಕಿದೆ. ಎರಡೆರಡು ನಿಮಿಷಕ್ಕೊಮ್ಮೆ ಒಂದು ತೊಟ್ಟು ತೆಗೆದು ಬೆಳಕು ಅಳೆಯುತ್ತಿದ್ದೆ. ಮೊದಲ ಹತ್ತು ನಿಮಿಷ ಎರಡರಲ್ಲೂ ಏನೂ ಇರಲಿಲ್ಲ. ಆಮೇಲೆ ಒಂದರಲ್ಲಿ ಅಂಕಿ ಏರತೊಡಗಿತು. ರೈಬೋಸೋಮ್ ಎಯುಜಿ ಎಂಬ ಆರಂಭದ ಕೋಡಾನಿನಿಂದ ಹೊರಟು, ಮೂರಕ್ಷರದ ಒಂದೊಂದು ಕೋಡಾನಿಗೆ ಒಂದೊಂದು ಅಮೈನೋ ಆಮ್ಲ ಜೋಡಿಸುತ್ತ, ಕೊನೆಯ ಕೋಡಾನನ್ನೂ ಓದಿ ಮುಗಿಸುವವರೆಗೆ ಲ್ಯೂಸಿಫರೇಸ್ ಬೆಳಗಲಾರದು. ಆ ಹತ್ತು ನಿಮಿಷ ಓದುವುದಕ್ಕೆ ಹಿಡಿದ ಸಮಯ ಎಂದು ಹೊಳೆದಾಗ ನನಗಾದ ಸಂತೋಷ ದೊಡ್ಡದು. ಸಂದೇಶ ಹಾಕದ ಟ್ಯೂಬು ಕೊನೆಯವರೆಗೂ ಕತ್ತಲಾಗಿಯೇ ಇತ್ತು.

ಅದೇ ಎಂಆರ್‌ಎನ್‌ಎಯನ್ನು ಮಾನವ ಮೂಲದ ಎಚ್‌ಇಕೆ 293 ಜೀವಕೋಶಗಳಿಗೆ ಸೇರಿಸಿದಾಗ ಮಾತ್ರ ಬೆಳಕು ಬರಲಿಲ್ಲ. ನಾನು ಮುಂತುದಿಗೆ ಕ್ಯಾಪ್, ಅಂದರೆ ಮೀಥೈಲ್ ಗುಂಪು ಹೊತ್ತ ಗ್ವಾನೋಸಿನ್, ಜೋಡಿಸಿರಲಿಲ್ಲ. ಮೊಲದ ರಕ್ತಕಣದ ದ್ರವ ಕ್ಯಾಪ್ ಇಲ್ಲದ ಸಂದೇಶವನ್ನೂ ಬಹುಮಟ್ಟಿಗೆ ಓದುತ್ತದೆ. ಜೀವಂತ ಕೋಶದಲ್ಲಾದರೋ ಇಐಎಫ್4ಇ ಎಂಬ ಪ್ರೋಟೀನ್ ಕ್ಯಾಪನ್ನು ಹಿಡಿದುಕೊಂಡರೆ ಮಾತ್ರ ರೈಬೋಸೋಮ್ ಸುಲಭವಾಗಿ ಹತ್ತಿರ ಬರುತ್ತದೆ, ಕ್ಯಾಪ್ ಇಲ್ಲದ ತುದಿಯನ್ನು ಕಿಣ್ವಗಳು ಬೇಗನೆ ಕಡಿದುಹಾಕುತ್ತವೆ. ಕ್ಯಾಪ್ ಸೇರಿಸಿ ಮತ್ತೆ ತಯಾರಿಸಿದ ಎಂಆರ್‌ಎನ್‌ಎಯನ್ನು ಒಂದು ಸಂಜೆ ಕೋಶಗಳಿಗೆ ಕೊಟ್ಟು ಹೋದೆ. ಮರುದಿನ ಬೆಳಿಗ್ಗೆ ಆ ತಟ್ಟೆಯ ಎಡಸಾಲಿನ ಗುಳಿಗಳೆಲ್ಲ ಬೆಳಗುತ್ತಿದ್ದವು. ಹಳೆಯ ಎಂಆರ್‌ಎನ್‌ಎ ಹಾಕಿದ್ದ ಬಲಸಾಲು ಬರಿಯ ಕೋಶಗಳಿದ್ದ ಗುಳಿಗಳಷ್ಟೇ ಮಂಕಾಗಿತ್ತು.