ಆಪ್ಷನ್ ಎಂಟ್ರಿಗೆ ಮುನ್ನ ಕಾಲೇಜು ನೋಡಿಬರುವುದು: ನನ್ನ ಅನುಭವ

ದ್ವಿತೀಯ ಪಿಯು ವಿಜ್ಞಾನ ಓದುವ ಮಕ್ಕಳನ್ನು ತಂದೆತಾಯಿಯರ ಸಮೇತ ಎಂಜಿನಿಯರಿಂಗ್ ಕಾಲೇಜುಗಳಿಗೆ ಕರೆದೊಯ್ದು ತೋರಿಸಿದರೆ ಅವರ ಆಪ್ಷನ್ ಎಂಟ್ರಿಯ ಪಟ್ಟಿಯೇ, ಅಂದರೆ ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಆದ ಮೇಲೆ ಸೀಟಿಗಾಗಿ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವ ಪಟ್ಟಿಯೇ, ಬದಲಾಗುತ್ತದೆ ಎಂದು ನಾನು ಮೊದಲು ಹೇಳಿದಾಗ, ತೀರ್ಥಹಳ್ಳಿ ಸೀಮೆಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅದನ್ನು ನಂಬಿದವರು ಯಾರೂ ಇರಲಿಲ್ಲ. "ರ‍್ಯಾಂಕಿಗೆ ತಕ್ಕ ಕಾಲೇಜು ಸಿಕ್ಕೇ ಸಿಗುತ್ತದೆ, ಅದಕ್ಕೆ ಡೀಸೆಲ್ ಯಾಕೆ ಸುಡಬೇಕು?" ಎಂದು ಗಣಿತದ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದರು. ಹೋದ ವರ್ಷ ಅವರೇ ತಮ್ಮ ಸೋದರಳಿಯನನ್ನೂ ಅವನ ತಾಯಿಯನ್ನೂ ನಮ್ಮ ಗಾಡಿಯಲ್ಲಿ ಕಳಿಸಿದರು. ನಮ್ಮ ಜೊತೆ ಬಂದ ಕುಟುಂಬಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು, ಮೊದಲ ಐದು ಆಯ್ಕೆಗಳ ಕ್ರಮವನ್ನು ಬದಲಾಯಿಸಿವೆ. ಸುತ್ತಮುತ್ತಲಿನ ಪಿಯು ಕಾಲೇಜುಗಳ ಉಪನ್ಯಾಸಕ ಮಿತ್ರರು ಇದನ್ನು ಹೇಗೆ ಮಾಡಿದಿರಿ ಎಂದು ಪದೇ ಪದೇ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ನಮ್ಮ ಕಡೆ ಒಂದು ಕಾಲೇಜಿನ ಬಗ್ಗೆ ಅಭಿಪ್ರಾಯ ಹುಟ್ಟುವುದು ಮದುವೆಮನೆಯ ಊಟದ ಪಂಕ್ತಿಯಲ್ಲಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ದೊಡ್ಡಪ್ಪನ ಮಗನ ಫೋನಿನಲ್ಲಿ, ಕೊನೆಗೆ ಸೈಬರ್ ಸೆಂಟರಿನ ಹುಡುಗನ ಬಾಯಲ್ಲಿ. ಮೇಲಿನ ಆಯ್ಕೆ ಸಿಕ್ಕರೆ ಕೆಳಗಿನವು ತಾವಾಗಿ ಬಿದ್ದುಹೋಗುತ್ತವೆ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಆದರೂ ಹೆಸರು ಕೇಳಿದ್ದಷ್ಟೇ ಕಾರಣವಾಗಿ ಬೆಂಗಳೂರಿನ ಹದಿನೈದು ಇಪ್ಪತ್ತು ಕಾಲೇಜುಗಳನ್ನು ಮೇಲೆ ತುಂಬಿ, 1980ರಿಂದ ಕಣ್ಣೆದುರಿಗೇ ನಡೆಯುತ್ತಿರುವ ಶಿವಮೊಗ್ಗ ನವುಲೆಯ ಜವಾಹರಲಾಲ್ ನೆಹರು ಎಂಜಿನಿಯರಿಂಗ್ ಕಾಲೇಜನ್ನೋ 1960ರಲ್ಲಿ ಆರಂಭವಾದ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜನ್ನೋ ಅವುಗಳ ಕೆಳಗೆ ಬರೆದು, ಸೀಟು ಸಿಕ್ಕ ಮೇಲೆ ಹೋಗಿ ನೋಡಿ ಅತ್ತು ಬಂದ ಕುಟುಂಬಗಳನ್ನು ಪ್ರತಿ ವರ್ಷ ಕಂಡಿದ್ದೇನೆ.

ಮೊದಲ ಪ್ರಯತ್ನದಲ್ಲಿ ಕಾಲೇಜುಗಳೇ ಕಳಿಸುವ ಆಹ್ವಾನವನ್ನು ನೆಚ್ಚಿಕೊಂಡು, ಸಾರಿಗೆ ನಿಗಮದ ಬಸ್ಸನ್ನು ಒಪ್ಪಂದದ ಮೇಲೆ ಪಡೆದು, ನಲವತ್ತು ಜನರ ಲೆಕ್ಕದಲ್ಲಿ ಹೊರಟಿದ್ದೆವು. ಬಸ್ಸಿಗೆ ಇಪ್ಪತ್ತು ಸಾವಿರದ ಹತ್ತಿರ ಬಿದ್ದಿತು. ತಲೆಗೆ ಐನೂರರಂತೆ ಎತ್ತಿದ್ದರೂ ಕೊನೆಯ ಗಳಿಗೆಯಲ್ಲಿ ಏಳೆಂಟು ಮಂದಿ ಬಾರದೆ ನಾಲ್ಕು ಸಾವಿರದಷ್ಟು ನನ್ನ ಕೈಯಿಂದ ಹೋಯಿತು. ಅಲ್ಲಿ ಪ್ರತಿಯೊಬ್ಬರಿಗೂ ಗುಲಾಬಿ ಹೂವು, ಸಭಾಂಗಣದಲ್ಲಿ ಪ್ಲೇಸ್‌ಮೆಂಟಿನ ಬಗ್ಗೆ ಒಂದೂವರೆ ಗಂಟೆಯ ಭಾಷಣ, ಹೊಸದಾಗಿ ಬಣ್ಣ ಬಳಿದ ಒಂದು ಪ್ರಯೋಗಾಲಯ, ಮಧ್ಯಾಹ್ನ ಹೋಳಿಗೆ ಊಟ. ಮರಳಿ ಬರುವಾಗ ಬಸ್ಸಿನಲ್ಲಿದ್ದ ಎಲ್ಲರಿಗೂ ಅದೇ ಅತ್ಯುತ್ತಮ ಕಾಲೇಜು. ಮುಂದಿನ ತಿಂಗಳು ಇನ್ನೊಂದು ಕಾಲೇಜಿಗೆ ಹೋದಾಗ ಅದು ಅತ್ಯುತ್ತಮವಾಯಿತು. ಅದಲ್ಲದೆ ನಲವತ್ತು ಜನರ ಗುಂಪಿನಲ್ಲಿ ಹತ್ತಿಪ್ಪತ್ತು ಎಕರೆ ತೋಟವಿರುವ ಒಬ್ಬರು "ಇದು ಅಡ್ಡಿಲ್ಲ" ಎಂದರೆ ಸಾಕು, ಉಳಿದವರು ತಮ್ಮ ಮಾತನ್ನು ನುಂಗಿಕೊಂಡುಬಿಡುತ್ತಾರೆ. ಆ ವರ್ಷದ ಎರಡು ಬಸ್ಸುಗಳಿಂದ ಒಂದೇ ಒಂದು ಪಟ್ಟಿಯೂ ಬುದ್ಧಿಪೂರ್ವಕವಾಗಿ ಬದಲಾಗಲಿಲ್ಲ.

ಮುಂದಿನ ವರ್ಷ ಸಿಇಟಿ ಮುಗಿದ ಮೇಲೆ ಮೇ ತಿಂಗಳಲ್ಲಿ ಹೋದೆವು. ಕಾಲೇಜುಗಳಲ್ಲಿ ಪರೀಕ್ಷೆ ಅಥವಾ ರಜೆ, ಹಾಸ್ಟೆಲ್ ಅರ್ಧ ಖಾಲಿ, ಮೆಸ್ಸಿಗೆ ಬೀಗ. ಖಾಲಿ ಕಟ್ಟಡವನ್ನು ನೋಡಿದವರು ಕಟ್ಟಡದ ಬಗ್ಗೆಯೇ ಮಾತನಾಡುತ್ತಾರೆ: ಗ್ರಾನೈಟ್ ಎಷ್ಟು ಚೆನ್ನಾಗಿದೆ, ಗೇಟು ಎಷ್ಟು ದೊಡ್ಡದಿದೆ. ಜೊತೆಗೆ ಮೇ ಕೊನೆಯೆಂದರೆ ಮಳೆ ಹಿಡಿಯುವುದರೊಳಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ ಮುಗಿಸಬೇಕಾದ ಕಾಲವಾದುದರಿಂದ, ಬಂದ ಅಪ್ಪಂದಿರೂ ಅರ್ಧ ದಿನ ಫೋನಿನಲ್ಲೇ ಇದ್ದರು. ಮುಂಗಡ ಕೊಟ್ಟು ಗೊತ್ತುಮಾಡಿದ್ದ ಒಂದು ಗಾಡಿಯನ್ನು ರದ್ದು ಮಾಡಬೇಕಾಗಿ ಬಂದು ಮತ್ತೆ ಎರಡು ಸಾವಿರ ಹೋಯಿತು.

ಈಗ ನಾನು ಹಿಡಿದಿರುವುದು ಅಕ್ಟೋಬರಿನ ಪಿಯು ಮಧ್ಯಂತರ ರಜೆ. ನಮಗೆ ರಜೆ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸೆಮಿಸ್ಟರ್ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿರುತ್ತದೆ. ತೋಟದಲ್ಲಿ ಕೊನೆ (ಅಡಿಕೆ ಗೊನೆ) ತೆಗೆಯುವ ಕೆಲಸ ಇನ್ನೂ ಬಿರುಸಾಗಿರುವುದಿಲ್ಲ. ಹಬ್ಬದ ಎರಡು ದಿನಗಳನ್ನು ಬಿಟ್ಟು, ಮಂಗಳವಾರದಿಂದ ಗುರುವಾರದ ನಡುವಿನ ದಿನವನ್ನೇ ಆರಿಸಿಕೊಳ್ಳುತ್ತೇನೆ. ಸೋಮವಾರ ಊರಿನಿಂದ ಮರಳದ ವಿದ್ಯಾರ್ಥಿಗಳಿರುತ್ತಾರೆ, ಶುಕ್ರವಾರ ಮಧ್ಯಾಹ್ನಕ್ಕೇ ಬ್ಯಾಗು ಹಿಡಿದವರಿರುತ್ತಾರೆ. ರ‍್ಯಾಂಕ್ ಬರುವ ಮುಂಚೆ ಎಂಟು ತಿಂಗಳು ಮೊದಲೇ ನೋಡುವುದು ವ್ಯರ್ಥ ಎಂದು ಕೆಲವರು ಈಗಲೂ ಹೇಳುತ್ತಾರೆ. ನನ್ನ ಅನುಭವ ಅದಕ್ಕೆ ವಿರುದ್ಧವಾಗಿದೆ. ರ‍್ಯಾಂಕ್ ಬಂದ ಮೇಲೆ ಮನೆಯಲ್ಲಿ ಹೆಮ್ಮೆಯೋ ಅವಮಾನವೋ ತುಂಬಿಕೊಂಡಿರುತ್ತದೆ, ಆಗ ಕಣ್ಣಿಗೆ ಏನೂ ಕಾಣುವುದಿಲ್ಲ.

ಗಾಡಿ ಹನ್ನೆರಡು ಸೀಟಿನ ಟಿಟಿ (ಟೆಂಪೋ ಟ್ರಾವೆಲರ್). ನಾಲ್ಕು ಕುಟುಂಬ, ಅದಕ್ಕಿಂತ ಹೆಚ್ಚಿಲ್ಲ. ನಾನು ಡ್ರೈವರ್ ಪಕ್ಕದಲ್ಲಿ. ಕಿಲೋಮೀಟರಿಗೆ ಇಪ್ಪತ್ತರ ಆಸುಪಾಸು, ದಿನಕ್ಕೆ ಕನಿಷ್ಠ ಮುನ್ನೂರು ಕಿಲೋಮೀಟರ್ ಲೆಕ್ಕ, ಡ್ರೈವರ್ ಬಾಟಾ (ದಿನಭತ್ಯೆ) ಸೇರಿ ಆರೂವರೆ ಸಾವಿರ ಆಗುತ್ತದೆ. ಕುಟುಂಬಕ್ಕೆ ಸಾವಿರದ ಆರುನೂರು ಚಿಲ್ಲರೆ. ಹೊನ್ನಾಳಿ ದಾರಿಯಲ್ಲಿ ದಾವಣಗೆರೆಗೆ ಹೋಗಿ ಬಂದರೆ ಒಂದೇ ದಿನದಲ್ಲಿ ಎರಡು ಕಾಲೇಜು ನೋಡಬಹುದು. 1951ರಲ್ಲಿ ಆರಂಭವಾದ ಅಲ್ಲಿನ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಂಥ ಹಳೆಯದನ್ನು ಮೊದಲ ದಿನವೇ ತೋರಿಸುವುದನ್ನು ನಾನು ಪದ್ಧತಿ ಮಾಡಿಕೊಂಡಿದ್ದೇನೆ, ಏಕೆಂದರೆ ಕಟ್ಟಡ ಹಳೆಯದಾದರೆ ಓದೂ ಹಳೆಯದು ಎಂಬ ಎಣಿಕೆಯನ್ನು ಮೊದಲೇ ಅಲುಗಿಸಿಬಿಡಬೇಕು. ತಾಯಿ ಬರಲೇಬೇಕು ಎಂಬುದು ನನ್ನ ಕಟ್ಟುನಿಟ್ಟಿನ ನಿಯಮ. ಅಪ್ಪ ಮತ್ತು ಮಗ ಮಾತ್ರ ಬಂದ ಕುಟುಂಬಗಳಲ್ಲಿ ನೋಡಿದ್ದೆಲ್ಲ ಮನೆಯ ಜಗಲಿ ಹತ್ತುವುದರೊಳಗೆ ಕರಗಿಹೋದದ್ದನ್ನು ಎಷ್ಟೋ ಸಲ ಕಂಡ ಮೇಲೆ ಈ ನಿಯಮ ಮಾಡಿದೆ.

ಹೊರಡುವ ಮುನ್ನ ಗಾಡಿಯಲ್ಲೇ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡುತ್ತೇನೆ. ಅಪ್ಪ, ಅಮ್ಮ, ಮಗು ಮೂವರೂ ಒಬ್ಬರದನ್ನೊಬ್ಬರು ನೋಡದೆ ತಮಗೆ ಬೇಕಾದ ಐದು ಕಾಲೇಜುಗಳನ್ನು ಕ್ರಮವಾಗಿ ಬರೆದು ಮಡಚಿ ಕೊಡಬೇಕು. ಮರಳುವಾಗ ಚಹಾಕ್ಕೆ ನಿಲ್ಲಿಸಿದ ಜಾಗದಲ್ಲಿ ಮತ್ತೊಂದು ಚೀಟಿ. ಎರಡನ್ನೂ ಅಕ್ಕಪಕ್ಕ ಇಟ್ಟು ಅವರ ಕೈಗೇ ಕೊಡುತ್ತೇನೆ, ನಾನು ಒಂದು ಮಾತೂ ಸೇರಿಸುವುದಿಲ್ಲ. ಬೆಳಗಿನ ಚೀಟಿಗಳಲ್ಲಿ ಮೂವರದೂ ಸಾಮಾನ್ಯವಾಗಿ ಒಂದೇ ಪಟ್ಟಿ, ಅದು ಅಪ್ಪನ ಪಟ್ಟಿ. ಸಂಜೆ ಮೂರು ಬೇರೆ ಬೇರೆ ಪಟ್ಟಿಗಳು ಬರುತ್ತವೆ, ಮನೆಯಲ್ಲಿ ಮೊದಲ ಬಾರಿಗೆ ನಿಜವಾದ ಚರ್ಚೆ ನಡೆಯುವುದು ಆಮೇಲೆ.

ಕಾಲೇಜಿನೊಳಗೆ ಪ್ರಾಂಶುಪಾಲರ ಅನುಮತಿ ಪತ್ರ ಇಟ್ಟುಕೊಂಡಿರುತ್ತೇನೆ, ಆದರೆ ತೋರಿಸಲು ಜನ ಕೊಡುತ್ತೇವೆ ಎಂದರೆ ವಿನಯದಿಂದ ಬೇಡವೆನ್ನುತ್ತೇನೆ. ಗ್ರಂಥಾಲಯದಲ್ಲಿ ಮೂರನೆಯ ಸೆಮಿಸ್ಟರಿನ ಯಾವುದಾದರೂ ಪಠ್ಯಪುಸ್ತಕ ತೆಗೆದು, ಒಳಗೆ ಅಂಟಿಸಿದ ಚೀಟಿಯಲ್ಲಿ ಕೊನೆಯ ಮೊಹರು ಯಾವ ವರ್ಷದ್ದು ಎಂದು ಮಕ್ಕಳಿಂದ ಓದಿಸುತ್ತೇನೆ. ಬಾರ್‌ಕೋಡ್ ಬಂದ ಕಡೆ ಪುಟಗಳ ಅಂಚಿನ ಮಾಸಲು ನೋಡಿದರೆ ಸಾಕು. ಭದ್ರಾವತಿ ಕಡೆಯ ವರ್ಕ್‌ಶಾಪ್ ಮಾಲೀಕರೊಬ್ಬರು ಒಂದು ಕಾಲೇಜಿನ ಲೇತ್ ಯಂತ್ರಗಳ ಸಾಲಿನ ಮುಂದೆ ನಿಂತು, ಬಗ್ಗಿ, ಕೆಳಗಿನ ಟ್ರೇಗೆ ಬೆರಳಾಡಿಸಿ ನೋಡಿದರು. ಟ್ರೇಯಲ್ಲಿ ಲೋಹದ ಒಂದು ಸುರುಳಿಚೂರೂ ಇರಲಿಲ್ಲ, ಎಣ್ಣೆಯ ಜಿಡ್ಡಿರಲಿಲ್ಲ, ಬಣ್ಣ ಹೊಸದಾಗಿಯೇ ಇತ್ತು. "ಮೇಷ್ಟ್ರೇ, ಇದು ಓಡಿದ ಮಷಿನ್ ಅಲ್ಲ" ಎಂದರು. ಅಂದಿನಿಂದ ಟ್ರೇ ನೋಡುವುದು ನಮ್ಮ ಕ್ರಮದಲ್ಲಿ ಸೇರಿಹೋಗಿದೆ, ಇದನ್ನು ಕಲಿಸಿದ ಪುಣ್ಯ ಅವರದು.

ಇಷ್ಟೆಲ್ಲ ಇದ್ದರೂ ಅಭಿಪ್ರಾಯವನ್ನು ನಿಜವಾಗಿ ತಿರುಗಿಸುವುದು ತಮ್ಮ ಸೀಮೆಯ ಒಬ್ಬ ವಿದ್ಯಾರ್ಥಿಯೊಂದಿಗಿನ ಅರ್ಧ ಗಂಟೆ. ಹಾಸನದಲ್ಲಿ ಒಮ್ಮೆ ಮೇಗರವಳ್ಳಿ ಕಡೆಯ ಹುಡುಗಿಯೊಬ್ಬಳು ಕ್ಯಾಂಟೀನಿನಲ್ಲಿ ಸಿಕ್ಕಿದಳು. ನಮ್ಮ ಜೊತೆ ಬಂದಿದ್ದ ತಾಯಿಯೊಬ್ಬರು ಬೆಳಿಗ್ಗೆಯಿಂದ ಬಾಯಿ ಬಿಟ್ಟಿರಲಿಲ್ಲ. ಮಗಳನ್ನು ಹೊರಗೆ ಕಳಿಸುವುದೇ ಇಲ್ಲವೆಂದು ಮನೆಯಲ್ಲಿ ಹೇಳಿ ಬಂದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಜ್ವರ ಬಂದ್ರೆ ಯಾರನ್ನ ಕರೀತೀಯ ಮಗಾ?" ಆ ಹುಡುಗಿ ಯೋಚಿಸಲೇ ಇಲ್ಲ. "ವಾರ್ಡನ್ ಮೇಡಂನ, ಆಂಟಿ. ಹೋದ ತಿಂಗಳು ನಂಗೆ ಜ್ವರ ಬಂದಾಗ ಅವರೇ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡ್ ಹೋದ್ರು, ಗಂಜಿ ಮಾಡಿಸಿ ಕೊಟ್ರು." ಸಂಜೆಯ ಚೀಟಿಯಲ್ಲಿ ಆ ತಾಯಿ ಹಾಸನವನ್ನು ಎರಡನೆಯದಾಗಿ ಬರೆದಿದ್ದರು. ಬೆಳಗಿನ ಚೀಟಿಯಲ್ಲಿ ಅವರು ಶಿವಮೊಗ್ಗದ ಆಚೆಗಿನ ಒಂದು ಹೆಸರನ್ನೂ ಬರೆದಿರಲಿಲ್ಲ. ಮಗಳು ಈಗ ಅಲ್ಲೇ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಹೀಗೆ ನಮ್ಮ ಸೀಮೆಯ ವಿದ್ಯಾರ್ಥಿಗಳನ್ನು ಪ್ರತಿ ಕಾಲೇಜಿನಲ್ಲೂ ಮೊದಲೇ ಹುಡುಕಿಡುವುದು ಹೇಗೆ ಎಂಬುದು ನನ್ನ ಸ್ವಂತ ಸಂಪಾದನೆ, ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಹಾಸ್ಟೆಲ್ ಅಡುಗೆಯವರನ್ನು ನಾನು ಕೇಳುವ ಒಂದು ಪ್ರಶ್ನೆಯೂ ಇದೆ. ಅದನ್ನು ಬರೆದರೆ ಮುಂದಿನ ವರ್ಷ ಎಲ್ಲ ಕಡೆ ಉತ್ತರ ಸಿದ್ಧವಾಗಿರುತ್ತದೆ, ಆದ್ದರಿಂದ ಅದೂ ನನ್ನಲ್ಲಿಯೇ ಇರಲಿ.

ಹಣದ ಮಾತು ಬಂದಾಗ ಹೊಸನಗರ ಕಡೆಯ ಒಂದು ಕುಟುಂಬವನ್ನು ನೆನೆಯಬೇಕು. ದೂರದ ಊರಿನ ಒಂದು ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಏಜೆಂಟನೊಬ್ಬ ಐವತ್ತು ಸಾವಿರ ಮುಂಗಡ ಕೇಳಿದ್ದ. ಒಟ್ಟು ಮಾತು ಆರು ಲಕ್ಷದ ಮೇಲಿತ್ತು. ಅಡಿಕೆ ಮಾರಿದ ಹಣ ಬ್ಯಾಂಕಿನಲ್ಲಿ ಸಿದ್ಧವಾಗಿತ್ತು. ಹಣ ಕೊಡುವ ಮೊದಲು ಒಂದು ಬುಧವಾರ ಹೋಗಿ ನೋಡೋಣ ಎಂದು ಅವರನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಹನ್ನೊಂದು ಗಂಟೆಗೆ, ಪಾಠ ನಡೆಯಬೇಕಾದ ಹೊತ್ತಿನಲ್ಲಿ, ಸಾಲಾಗಿ ನಾಲ್ಕು ತರಗತಿಗಳು ಖಾಲಿಯಿದ್ದವು. ಬೋರ್ಡಿನ ಮೇಲೆ ಹಿಂದಿನ ವಾರದ ತಾರೀಖು ಹಾಗೆಯೇ ಇತ್ತು. ತಂದೆ ಏನೂ ಹೇಳಲಿಲ್ಲ, ತಾರೀಖಿನ ಫೋಟೋ ತೆಗೆದುಕೊಂಡರು. ಮಗ ಸಿಇಟಿಯಲ್ಲಿ, ಶೇ. 15ರ ಗ್ರಾಮೀಣ ಮೀಸಲಾತಿಯ ಬಲದಿಂದ, ಅದಕ್ಕಿಂತ ಎಷ್ಟೋ ಉತ್ತಮವಾದ ಕಾಲೇಜಿನಲ್ಲಿ ಸರ್ಕಾರಿ ಶುಲ್ಕಕ್ಕೇ ಸೀಟು ಪಡೆದ.

ನಡುವೆ ಬೇರೆ ಕೆಲವು ಪ್ರಯೋಗಗಳನ್ನೂ ಮಾಡಿದ್ದೇನೆ. 2020ರಲ್ಲಿ ಕೊರೊನಾದಿಂದ ಎಲ್ಲವೂ ಮುಚ್ಚಿದ್ದಾಗ ಹಳೆಯ ವಿದ್ಯಾರ್ಥಿಗಳಿಂದ ವಿಡಿಯೋ ಕರೆಯಲ್ಲಿ ಕ್ಯಾಂಪಸ್ ತೋರಿಸಿದೆ. ಹೊಸನಗರದ ಒಬ್ಬ ತಂದೆ ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕೂತು ಪೂರ್ತಿ ನೋಡಿದರು. ಆದರೆ ಪಟ್ಟಿಗಳು ಮಾತ್ರ ಬಹುಪಾಲು ಹಾಗೆಯೇ ಉಳಿದವು. ಬೇರೆಯವರು ಹಿಡಿದ ಕ್ಯಾಮೆರಾದಲ್ಲಿ ತಾಯಂದಿರು ನೋಡಬಯಸುವ ಮೂಲೆಗಳು ಕಾಣುವುದಿಲ್ಲ. ಹವಾಮಾನದ ಪ್ರಯೋಗ ಇನ್ನೊಂದು. ಆಗ ಅಮೆರಿಕದಲ್ಲಿದ್ದ ಯೂರಿ ಸೈಮನ್‌ಸನ್ ಎಂಬ ಸಂಶೋಧಕರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ನೋಡಿ, ಓದಿನ ಕಟ್ಟುನಿಟ್ಟಿಗೆ ಹೆಸರಾದ ಕಾಲೇಜೊಂದಕ್ಕೆ ಮೋಡ ಕವಿದ ದಿನ ಭೇಟಿ ಕೊಟ್ಟವರು ಅಲ್ಲಿಗೆ ಸೇರುವ ಸಾಧ್ಯತೆ ಹೆಚ್ಚು ಎಂದು 2010ರಲ್ಲಿ ಪ್ರಕಟಿಸಿದ್ದರು. ನಮ್ಮಲ್ಲಿ ಮೋಡಕ್ಕೇನು ಬರವಿಲ್ಲ. ಒಂದೇ ಕಾಲೇಜಿಗೆ ಒಂದು ತಂಡವನ್ನು ಜುಲೈ ಮಳೆಯಲ್ಲೂ ಇನ್ನೊಂದನ್ನು ಅಕ್ಟೋಬರಿನ ಬಿಸಿಲಿನಲ್ಲೂ ಕರೆದೊಯ್ದೆ. ಮಳೆಯ ತಂಡ ಸೋರುವ ಕಾರಿಡಾರ್, ಹಾಸ್ಟೆಲಿನಿಂದ ತರಗತಿಗಿರುವ ದೂರ, ಒಣಗದ ಬಟ್ಟೆಗಳ ಬಗ್ಗೆ ಬರೆಯಿತು. ಬಿಸಿಲಿನ ತಂಡ ಮೈದಾನದ ಬಗ್ಗೆ ಬರೆಯಿತು. ಸೇರುವ ತೀರ್ಮಾನದಲ್ಲಿ ವ್ಯತ್ಯಾಸ ಕಾಣಲಿಲ್ಲ, ನಾಲ್ಕು ನಾಲ್ಕು ಕುಟುಂಬಗಳಲ್ಲಿ ಕಾಣುವಂಥದ್ದೂ ಅಲ್ಲ. ಆದರೂ ಮಳೆಯ ಭೇಟಿಯಲ್ಲಿ ಜನ ಹೆಚ್ಚು ನೋಡುತ್ತಾರೆ ಎಂಬ ನನ್ನ ನಂಬಿಕೆ ಗಟ್ಟಿಯಾಯಿತು.

ಎಲ್ಲಕ್ಕಿಂತ ಫಲ ಕೊಟ್ಟದ್ದು ಎಂಜಿನಿಯರಿಂಗ್ ಅಲ್ಲದ ಭೇಟಿ. ಜೀವಶಾಸ್ತ್ರ ಓದುವ ಮಕ್ಕಳ ಮನೆಯವರನ್ನು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೂ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೂ ಒಂದೇ ದಿನ ಕರೆದೊಯ್ದೆ. ಡೀಸೆಲ್ ಖರ್ಚು ಅರ್ಧವೂ ಆಗಲಿಲ್ಲ. "ತೋಟದ ಕೆಲಸ ಕಲಿಯಲು ಕಾಲೇಜು ಯಾಕೆ?" ಎಂದಿದ್ದ ಅಪ್ಪಂದಿರು ಅಲ್ಲಿನ ಅಧ್ಯಾಪಕರೊಂದಿಗೆ ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಒಂದು ಗಂಟೆ ಮಾತನಾಡಿ, ಗಾಡಿ ಹತ್ತುವಾಗ ಕೃಷಿಕರ ಮಕ್ಕಳಿಗೆ ಮೀಸಲಾದ ಕೋಟಾದ ಪ್ರಾಯೋಗಿಕ ಪರೀಕ್ಷೆ ಯಾವಾಗ ಎಂದು ನನ್ನನ್ನು ಕೇಳುತ್ತಿದ್ದರು.

ಈ ಅಕ್ಟೋಬರಿಗೆ ಎರಡು ಟಿಟಿ ಗೊತ್ತುಮಾಡಿದ್ದೇನೆ: ಒಂದು ದಾವಣಗೆರೆಗೆ, ಇನ್ನೊಂದು ಚಿಕ್ಕಮಗಳೂರಿನ ಮೇಲೆ ಹಾಸನಕ್ಕೆ. ಹಾಸನದ ದಿನ ನಸುಕಿನ ಐದಕ್ಕೆ ಹೊರಡಬೇಕು, ಮರಳುವುದು ರಾತ್ರಿ ಹತ್ತಾಗುತ್ತದೆ, ಬಾಡಿಗೆಯೂ ಕುಟುಂಬಕ್ಕೆ ಇನ್ನೂರು ಮುನ್ನೂರು ಹೆಚ್ಚು ಬೀಳುತ್ತದೆ. ಹೆಸರು ಕೊಡುವವರು ಸಾವಿರ ರೂಪಾಯಿ ಮುಂಗಡ ಕಟ್ಟಬೇಕು. ಹಿಂದಿನ ದಿನ ಕೊನೆಗೌಡ (ಅಡಿಕೆ ಗೊನೆ ಇಳಿಸುವವ) ಸಿಕ್ಕಿದನೆಂದು ಬಾರದೆ ಉಳಿದರೆ ಆ ಹಣವನ್ನು ಮರಳಿಸುವುದಿಲ್ಲ, ಆ ಸೀಟಿಗೆ ಕಾಯುವ ಪಟ್ಟಿಯಲ್ಲಿರುವ ಇನ್ನೊಂದು ಕುಟುಂಬ ಬರುತ್ತದೆ.