ಕರೆಂಟ್ ಹೋದರೂ ಲಾಗ್ ಉಳಿಯಲಿ: ಲಿನಕ್ಸ್‌ನಲ್ಲಿ ಆರ್‌ಸಿಸ್‌ಲಾಗ್ ಹೊಂದಿಸುವುದು ಹೇಗೆ?

ತೊಗರಿ ಹಂಗಾಮು ಶುರುವಾದರೆ ಕಲಬುರಗಿಯ ನೆಹರು ಗಂಜ್‌ನಲ್ಲಿ ಕಂಪ್ಯೂಟರ್‌ಗಳಿಗೂ ಬಿಡುವಿಲ್ಲ. ಅಡತಿ ಅಂಗಡಿಯ ಬಿಲ್ಲಿಂಗ್ ಇರಲಿ, ದಾಲ್‌ಮಿಲ್ಲಿನ ತೂಕದ ಕಾಟಾಕ್ಕೆ ಜೋಡಿಸಿದ ಯಂತ್ರ ಇರಲಿ, ಬೆಳಗಿನಿಂದ ರಾತ್ರಿತನಕ ನಡೆಯುತ್ತಲೇ ಇರಬೇಕು. ಬೇಸಿಗೆ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕರೆಂಟ್ ಹೋಗಿ ಬರುತ್ತದೆ. ಯಂತ್ರ ನಡುವೆಯೇ ನಿಂತು ಮತ್ತೆ ಶುರುವಾಗುತ್ತದೆ. ನಿಂತದ್ದು ಯಾಕೆ? ಕರೆಂಟ್ ಹೋಗಿತ್ತೋ, ಯಂತ್ರ ಕಾದಿತ್ತೋ, ಹಾರ್ಡ್ ಡಿಸ್ಕ್ ಕೆಡುತ್ತಿದೆಯೋ? ಇದಕ್ಕೆ ಉತ್ತರ ಯಂತ್ರ ತನ್ನ ಆಗುಹೋಗುಗಳನ್ನು ಸಾಲುಸಾಲಾಗಿ ಬರೆದಿಡುವ ಲಾಗ್‌ನಲ್ಲಿ ಇರುತ್ತದೆ. ಆದರೆ ಲಿನಕ್ಸ್ ಲಾಗ್‌ನ ಎಷ್ಟೋ ಡೀಫಾಲ್ಟ್ ಸೆಟ್ಟಿಂಗ್‌ಗಳಲ್ಲಿ ವೇಗಕ್ಕೆ ಮೊದಲ ಜಾಗ. ಕರೆಂಟ್ ದಿಢೀರ್ ಹೋದರೆ ನಮಗೆ ಬೇಕಾದ ಕೊನೆಯ ಸಾಲುಗಳೇ ಕಳೆದುಹೋಗುತ್ತವೆ. ಹಾಗಾಗಿ ನಮ್ಮ ಭಾಗದಲ್ಲಿ ಲಾಗ್ ಹೊಂದಿಸುವವರು ಮೊದಲು ಕರೆಂಟ್ ಬಗ್ಗೆ ಯೋಚಿಸಬೇಕು.

ಸಿಸ್‌ಲಾಗ್ ಎನ್ನುವುದು ಲಾಗ್ ಬರೆಯುವ ಹಳೆಯ ವ್ಯವಸ್ಥೆ. 1980ರ ದಶಕದಲ್ಲಿ ಎರಿಕ್ ಆಲ್ಮನ್ ಇದನ್ನು ಸೆಂಡ್‌ಮೇಲ್ ಎಂಬ ಮೇಲ್ ಸಾಫ್ಟ್‌ವೇರ್ ಕೆಲಸದ ಭಾಗವಾಗಿ ಬರೆದರು. ಅದರ ಹೊಸ ರೂಪವಾಗಿ ಇವತ್ತು ಜಾಸ್ತಿ ಬಳಕೆಯಲ್ಲಿರುವ ಆರ್‌ಸಿಸ್‌ಲಾಗ್ ಅನ್ನು ರೈನರ್ ಗೆರ್‌ಹಾರ್ಡ್ಸ್ 2004ರಲ್ಲಿ ಶುರು ಮಾಡಿದರು. ಇಲ್ಲಿ ಹೇಳುವುದೆಲ್ಲ ಉಬುಂಟು ಎಂಬ ಬಗೆಯ ಲಿನಕ್ಸ್ ಇರುವ ಯಂತ್ರಕ್ಕೆ ಹೊಂದುತ್ತದೆ. ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳನ್ನೇ ಬಳಸಿ. ಅಡ್ಡಗೆರೆ, ಚುಕ್ಕೆ, ಉದ್ಧರಣ ಚಿಹ್ನೆ ಇದ್ದಲ್ಲೇ ಇರಲಿ.

ಡೀಮನ್ ನಡೆಯುತ್ತಿದೆಯೇ?

ಹಿನ್ನೆಲೆಯಲ್ಲಿ ಸದಾ ನಡೆಯುವ ಪ್ರೋಗ್ರಾಂಗೆ ಡೀಮನ್ ಎನ್ನುತ್ತಾರೆ, ಆರ್‌ಸಿಸ್‌ಲಾಗ್ ಅಂಥದ್ದೊಂದು. ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಹೀಗೆ ಕೇಳಿ:

ಸಿಸ್ಟಂಸಿಟಿಎಲ್ ಸ್ಟೇಟಸ್ ಆರ್‌ಸಿಸ್‌ಲಾಗ್

‘ಆ್ಯಕ್ಟಿವ್’ ಎಂದು ಬಂದರೆ ನಡೆಯುತ್ತಿದೆ. ಉಬುಂಟುವಿನ ಬದಲು ಡೆಬಿಯನ್ 12 ಎಂಬ ಲಿನಕ್ಸ್ ಹಾಕಿದ್ದರೆ ಇದು ತಾನಾಗಿ ಬಂದಿರುವುದಿಲ್ಲ. ‘ಸುಡೋ ಆ್ಯಪ್ಟ್ ಇನ್‌ಸ್ಟಾಲ್ ಆರ್‌ಸಿಸ್‌ಲಾಗ್’ ಎಂದು ಹಾಕಿಕೊಳ್ಳಿ. ‘ಸುಡೋ’ ಎಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂದು.

ಇದರ ಜೊತೆಗೆ ಜರ್ನಲ್‌ಡಿ ಎಂಬ ಇನ್ನೊಂದು ಡೀಮನ್ ಇರುತ್ತದೆ. ಸಂದೇಶಗಳು ಮೊದಲು ಅದರ ಕೈಗೆ ಬರುತ್ತವೆ. /ವಾರ್/ಲಾಗ್/ಜರ್ನಲ್ ಎಂಬ ಡೈರೆಕ್ಟರಿ ಇಲ್ಲದಿದ್ದರೆ ಅದು ಎಲ್ಲವನ್ನೂ ಮೆಮೊರಿಯಲ್ಲಷ್ಟೇ ಇಡುತ್ತದೆ. ಯಂತ್ರ ನಿಂತರೆ ಎಲ್ಲ ಹೋಯಿತು. ಡೈರೆಕ್ಟರಿ ಇದ್ದರೂ ಸಾಮಾನ್ಯ ಸಂದೇಶಗಳನ್ನು ಡಿಸ್ಕ್‌ಗೆ ಭದ್ರ ಮಾಡುವುದು 5 ನಿಮಿಷಕ್ಕೊಮ್ಮೆ. ತೀರಾ ಗಂಭೀರವಾದ ಮೂರು ಮಟ್ಟದ ಸಂದೇಶಗಳನ್ನು ಮಾತ್ರ ಆಗಲೇ ಭದ್ರ ಮಾಡುತ್ತದೆ. ಆ 5 ನಿಮಿಷ ನಮಗೆ ಜಾಸ್ತಿಯಾಯಿತು ಅಲ್ವಾ? /ಇಟಿಸಿ/ಸಿಸ್ಟಂಡಿ/ಜರ್ನಲ್‌ಡಿ.ಕಾನ್ಫ್ ಫೈಲ್ ತೆರೆಯಿರಿ. ‘ಸ್ಟೋರೇಜ್’ ಎದುರು ‘ಪರ್ಸಿಸ್ಟೆಂಟ್’ ಎಂದೂ ‘ಸಿಂಕ್‌ಇಂಟರ್ವಲ್‌ಸೆಕ್’ ಎದುರು 30 ಎಂದೂ ಬರೆಯಿರಿ. ಈ ಸಾಲುಗಳ ಮುಂದಿರುವ ಹ್ಯಾಶ್ ಗುರುತು ತೆಗೆಯಿರಿ. ಈ ಎರಡು ಹೆಸರುಗಳಲ್ಲಿ ದೊಡ್ಡಕ್ಷರಗಳೂ ಇವೆ, ಫೈಲ್‌ನಲ್ಲಿ ಇದ್ದ ಹಾಗೇ ಬಿಡಿ. ಆಮೇಲೆ ‘ಸುಡೋ ಸಿಸ್ಟಂಸಿಟಿಎಲ್ ರೀಸ್ಟಾರ್ಟ್ ಸಿಸ್ಟಂಡಿ-ಜರ್ನಲ್‌ಡಿ’.

ನಿಮ್ಮ ಕೆಲಸದ ಲಾಗ್ ಬೇರೆ ಮಾಡಿ

ಸಿಸ್‌ಲಾಗ್ ಪ್ರತಿ ಸಂದೇಶಕ್ಕೂ ಎರಡು ಗುರುತು ಹಾಕುತ್ತದೆ. ಎಲ್ಲಿಂದ ಬಂತು ಎನ್ನುವುದು ‘ಫೆಸಿಲಿಟಿ’: ಲಿನಕ್ಸ್‌ನ ತಿರುಳಾದ ಕರ್ನಲ್‌ನದು ಕರ್ನ್, ಲಾಗಿನ್‌ನದು ಆಥ್, ಮೇಲ್‌ನದು ಮೇಲ್. ಎಷ್ಟು ಗಂಭೀರ ಎನ್ನುವುದು ‘ಪ್ರಯಾರಿಟಿ’. ಅದು 0ರಿಂದ 7ರವರೆಗೆ, 0 ಎಂದರೆ ಯಂತ್ರವೇ ಕೈಕೊಟ್ಟ ಸ್ಥಿತಿ, 7 ಎಂದರೆ ಪ್ರೋಗ್ರಾಂ ಬರೆಯುವವರಿಗಷ್ಟೇ ಬೇಕಾದ ವಿವರ. ನಿಯಮದಲ್ಲಿ ‘ಮೇಲ್.ಎರ್’ ಎಂದು ಬರೆದರೆ ಆ ಮಟ್ಟ ಮತ್ತು ಅದಕ್ಕಿಂತ ಗಂಭೀರವಾದದ್ದೆಲ್ಲ ಬರುತ್ತದೆ. ಲೋಕಲ್0ರಿಂದ ಲೋಕಲ್7ರವರೆಗಿನ ಎಂಟು ಫೆಸಿಲಿಟಿಗಳನ್ನು ನಮ್ಮ ಬಳಕೆಗೆಂದೇ ಬಿಟ್ಟಿದ್ದಾರೆ.

ಕಾಟಾದ ಯಂತ್ರಕ್ಕೆ ಲೋಕಲ್0 ಇಟ್ಟುಕೊಳ್ಳೋಣ. /ಇಟಿಸಿ/ಆರ್‌ಸಿಸ್‌ಲಾಗ್.ಡಿ ಒಳಗೆ 30-ಕಾಟಾ.ಕಾನ್ಫ್ ಎಂಬ ಫೈಲ್ ಮಾಡಿ, ಎರಡು ಸಾಲು ಬರೆಯಿರಿ:

ಲೋಕಲ್0.* ಆ್ಯಕ್ಷನ್(ಟೈಪ್="ಓಎಂಫೈಲ್" ಫೈಲ್="/ವಾರ್/ಲಾಗ್/ಕಾಟಾ.ಲಾಗ್" ಸಿಂಕ್="ಆನ್")
& ಸ್ಟಾಪ್

‘ಸಿಂಕ್’ ಇಲ್ಲಿ ಮುಖ್ಯ. ಡೀಫಾಲ್ಟ್ ಆಗಿ ಅದು ಆಫ್ ಇರುತ್ತದೆ. ಆನ್ ಮಾಡಿದರೆ ಬರೆದದ್ದನ್ನು ಡಿಸ್ಕ್‌ಗೆ ಆಗಲೇ ತಲುಪಿಸುತ್ತದೆ. ಸಾವಿರಾರು ಸಂದೇಶ ಬರುವ ಸರ್ವರ್‌ನಲ್ಲಿ ಇದರಿಂದ ವೇಗ ತಗ್ಗುತ್ತದೆ. ಗಾಡಿಗೊಂದು ಸಾಲು ಬರೆಯುವ ಕಾಟಾಕ್ಕೆ ಯಾವ ಹೊರೆಯೂ ಇಲ್ಲ, ಧೈರ್ಯವಾಗಿ ಹಾಕಿ. ‘ಸ್ಟಾಪ್’ ಸಾಲು ಹಾಕಿದರೆ ಅದೇ ಸಂದೇಶ ಮತ್ತೆ ಸಿಸ್‌ಲಾಗ್ ಫೈಲ್‌ನಲ್ಲಿ ಸೇರುವುದಿಲ್ಲ. ಫೈಲ್ ಹೆಸರಿನ 30 ಸಹ ಸುಮ್ನೆ ಇಟ್ಟದ್ದಲ್ಲ. ಈ ಫೈಲ್‌ಗಳನ್ನು ಹೆಸರಿನ ಕ್ರಮದಲ್ಲಿ ಓದುತ್ತದೆ, ಉಬುಂಟುವಿನ ಸ್ವಂತ ನಿಯಮಗಳು 50-ಡೀಫಾಲ್ಟ್.ಕಾನ್ಫ್‌ನಲ್ಲಿವೆ. ನಮ್ಮದು ಅದಕ್ಕಿಂತ ಮೊದಲು ಬರಬೇಕು. ಲಾಗ್ ಫೈಲನ್ನು /ವಾರ್/ಲಾಗ್ ಒಳಗೇ ಇಡಿ, ಬೇರೆ ಕಡೆ ಬರೆಯಲು ಡೀಮನ್‌ಗೆ ಅನುಮತಿ ಸಿಗದೇ ಹೋಗಬಹುದು.

ತಪ್ಪಿದೆಯೇ ಎಂದು ನೋಡಲು:

ಸುಡೋ ಆರ್‌ಸಿಸ್‌ಲಾಗ್‌ಡಿ -ಎನ್1

ಇಲ್ಲಿ ‘ಎನ್’ ಮಾತ್ರ ದೊಡ್ಡಕ್ಷರ. ತಪ್ಪಿದ್ದರೆ ಯಾವ ಫೈಲಿನ ಎಷ್ಟನೇ ಸಾಲು ಎಂದು ತೋರಿಸುತ್ತದೆ. ಸರಿಯಿದ್ದರೆ ‘ಸುಡೋ ಸಿಸ್ಟಂಸಿಟಿಎಲ್ ರೀಸ್ಟಾರ್ಟ್ ಆರ್‌ಸಿಸ್‌ಲಾಗ್’. ರೀಸ್ಟಾರ್ಟನ್ನೇ ಮಾಡಿ. ಹಪ್ ಸಿಗ್ನಲ್ ಕಳಿಸಿದರೆ ಆರ್‌ಸಿಸ್‌ಲಾಗ್ ಲಾಗ್ ಫೈಲ್‌ಗಳನ್ನು ಮುಚ್ಚಿ ತೆರೆಯುತ್ತದೆಯೇ ಹೊರತು ಹೊಸ ನಿಯಮ ಓದುವುದಿಲ್ಲ. ಈಗ ಒಂದು ಸಂದೇಶ ಕಳಿಸಿ ನೋಡಿ:

ಲಾಗರ್ -ಪಿ ಲೋಕಲ್0.ಇನ್ಫೋ -ಟಿ ಕಾಟಾ "ಪರೀಕ್ಷೆ"
ಸುಡೋ ಟೇಲ್ /ವಾರ್/ಲಾಗ್/ಕಾಟಾ.ಲಾಗ್

ಬರಲಿಲ್ಲವೇ? ‘ಸುಡೋ ಸಿಸ್ಟಂಸಿಟಿಎಲ್ ಸ್ಟಾಪ್ ಸಿಸ್‌ಲಾಗ್.ಸಾಕೆಟ್ ಆರ್‌ಸಿಸ್‌ಲಾಗ್’ ಎಂದು ನಿಲ್ಲಿಸಿ, ‘ಸುಡೋ ಆರ್‌ಸಿಸ್‌ಲಾಗ್‌ಡಿ -ಎನ್ -ಡಿ’ ಎಂದು ಕಣ್ಣೆದುರೇ ಓಡಿಸಿ. ಈ ಸಲ ‘ಎನ್’ ಸಣ್ಣಕ್ಷರ. ಡೀಮನ್ ಮಾಡುವ ಒಂದೊಂದು ಕೆಲಸವೂ ಪರದೆ ಮೇಲೆ ಬರುತ್ತದೆ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಸೇವೆಯನ್ನು ಮತ್ತೆ ಶುರು ಮಾಡಲು ಮರೆಯಬೇಡಿ.

ಇನ್ನೊಂದು ಯಂತ್ರದಲ್ಲಿ ನಕಲು

ಡಿಸ್ಕೇ ಕೆಟ್ಟರೆ ಅದರೊಳಗಿನ ಲಾಗ್‌ನಿಂದ ಏನು ಲಾಭ? ಆಫೀಸಿನಲ್ಲಿ ಹಳೆಯ ಪಿಸಿ ಇದ್ದರೆ ಅದಕ್ಕೆ ನಕಲು ಕಳಿಸಿ. ಸಿಸ್‌ಲಾಗ್‌ನ ಮಾಮೂಲಿ ದಾರಿ 514ನೇ ಪೋರ್ಟ್‌ನ ಯುಡಿಪಿ. ಅದರಲ್ಲಿ ಸಂದೇಶ ತಲುಪಿತೋ ಇಲ್ಲವೋ ಯಾರೂ ಕೇಳುವುದಿಲ್ಲ. ತಲುಪಿತೇ ಎಂದು ನೋಡಿಕೊಳ್ಳುವ ಟಿಸಿಪಿ ಬಳಸಿ. 20-ಕಳಿಸು.ಕಾನ್ಫ್ ಎಂಬ ಫೈಲ್‌ನಲ್ಲಿ:

*.* ಆ್ಯಕ್ಷನ್(ಟೈಪ್="ಓಎಂಎಫ್‌ಡಬ್ಲ್ಯುಡಿ" ಟಾರ್ಗೆಟ್="192.168.1.20" ಪೋರ್ಟ್="514" ಪ್ರೋಟೋಕಾಲ್="ಟಿಸಿಪಿ" ಕ್ಯೂ.ಟೈಪ್="ಡಿಸ್ಕ್" ಕ್ಯೂ.ಫೈಲ್‌ನೇಮ್="ಕಾಟಾ" ಕ್ಯೂ.ಚೆಕ್‌ಪಾಯಿಂಟ್‌ಇಂಟರ್ವಲ್="1" ಆ್ಯಕ್ಷನ್.ರೆಸ್ಯೂಮ್‌ರಿಟ್ರೈಕೌಂಟ್="-1")

192.168.1.20 ಜಾಗದಲ್ಲಿ ನಿಮ್ಮ ಆ ಹಳೆಯ ಪಿಸಿಯ ವಿಳಾಸ ಹಾಕಿ. ಫೈಲ್ ಹೆಸರಿನಲ್ಲಿ 20 ಏಕೆಂದರೆ 30ರಲ್ಲಿ ‘ಸ್ಟಾಪ್’ ಇದೆ. ಅದಕ್ಕಿಂತ ಮೊದಲೇ ನಕಲು ಹೊರಡಬೇಕು. ಕ್ಯೂಗೆ, ಅಂದರೆ ಕಳಿಸಬೇಕಾದ ಸಂದೇಶಗಳ ಸರತಿಗೆ, ಹೆಚ್ಚಿನವರು ‘ಲಿಂಕ್ಡ್‌ಲಿಸ್ಟ್’ ಹಾಕುತ್ತಾರೆ. ಅದು ಸಂದೇಶಗಳನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಕರೆಂಟ್ ಹೋದರೆ ಅವೂ ಹೋಗುತ್ತವೆ. ‘ಡಿಸ್ಕ್’ ನಿಧಾನ, ಆದರೆ ನಮಗೆ ಅದೇ ಸರಿ. ಆ ಕಡೆಯ ಪಿಸಿ ಗಂಟೆಗಟ್ಟಲೆ ಆಫ್ ಆಗಿದ್ದರೂ ಸಂದೇಶಗಳು ಸರತಿಯಲ್ಲಿ ಕಾಯುತ್ತವೆ. -1 ಎಂದರೆ ತಲುಪುವವರೆಗೆ ಪ್ರಯತ್ನ ಬಿಡಬೇಡ ಎಂದು.

ಪಡೆಯುವ ಪಿಸಿಯ ಆರ್‌ಸಿಸ್‌ಲಾಗ್.ಕಾನ್ಫ್ ಫೈಲ್‌ನಲ್ಲಿ ‘ಐಎಂಟಿಸಿಪಿ’ ಎಂಬ ಎರಡು ಸಾಲುಗಳ ಮುಂದಿನ ಹ್ಯಾಶ್ ತೆಗೆದು ರೀಸ್ಟಾರ್ಟ್ ಮಾಡಿದರೆ ಸಾಕು. 514ನೇ ಪೋರ್ಟನ್ನು ಆಫೀಸಿನ ನೆಟ್‌ವರ್ಕ್‌ಗೆ ಮಾತ್ರ ತೆರೆಯಿರಿ. ಇಂಟರ್ನೆಟ್‌ಗೆ ಖಂಡಿತ ಬೇಡ. ಇದರಲ್ಲಿ ಸಂದೇಶಗಳು ಯಾರು ಬೇಕಾದರೂ ಓದುವ ಹಾಗೆ ಹೋಗುತ್ತವೆ.

ಎಷ್ಟು ದಿನ ಇಡಬೇಕು?

ಕಂಪನಿಗಳು, ಸೇವೆ ಕೊಡುವವರು, ಸರ್ಕಾರಿ ಸಂಸ್ಥೆಗಳು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಉಬುಂಟು ತನ್ನ ಸಿಸ್‌ಲಾಗ್ ಫೈಲ್‌ಗಳನ್ನು ವಾರಕ್ಕೊಮ್ಮೆ ಬದಲಿಸಿ ಹಳೆಯ ನಾಲ್ಕನ್ನಷ್ಟೇ ಇಡುತ್ತದೆ. ನಮ್ಮ ಕಾಟಾ.ಲಾಗ್ ಅಂತೂ ಆ ಪಟ್ಟಿಯಲ್ಲೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ. /ಇಟಿಸಿ/ಲಾಗ್‌ರೊಟೇಟ್.ಡಿ ಒಳಗಿನ ಆರ್‌ಸಿಸ್‌ಲಾಗ್ ಫೈಲನ್ನು ಕಾಟಾ ಎಂದು ನಕಲು ಮಾಡಿ. ಮೇಲಿನ ಹೆಸರುಗಳನ್ನೆಲ್ಲ ತೆಗೆದು ನಿಮ್ಮ ಫೈಲ್ ಹೆಸರು ಮಾತ್ರ ಬಿಡಿ. ‘ವೀಕ್ಲಿ’ ಜಾಗದಲ್ಲಿ ‘ಡೈಲಿ’, ‘ರೊಟೇಟ್ 4’ ಜಾಗದಲ್ಲಿ ‘ರೊಟೇಟ್ 180’ ಹಾಕಿ.

ಅದೇ ನಿರ್ದೇಶನ ಗಡಿಯಾರದ ಬಗ್ಗೆಯೂ ಹೇಳುತ್ತದೆ: ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯಕ್ಕೆ ಹೊಂದಿರಬೇಕು. ಹಳೆಯ ಪಿಸಿಯ ಮದರ್‌ಬೋರ್ಡ್ ಸೆಲ್ ಖಾಲಿಯಾಗಿದ್ದರೆ ಕರೆಂಟ್ ಹೋಗಿ ಬಂದಾಗ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಎಂದು ಟೈಪ್ ಮಾಡಿ ನೋಡಿ, ಸೆಲ್ ಬದಲಿಸಿ.

ಓದುವುದು

ಯಂತ್ರ ನಿಂತು ಶುರುವಾದ ಮೇಲೆ ಹಿಂದಿನ ಸಲದ ಕೊನೆಯ ಸಾಲುಗಳನ್ನು ತೆಗೆಯಿರಿ:

ಸುಡೋ ಜರ್ನಲ್‌ಸಿಟಿಎಲ್ -ಬಿ -1 -ಇ

ಸರಿಯಾಗಿ ಶಟ್‌ಡೌನ್ ಆಗಿದ್ದರೆ ಕೊನೆಗೆ ಸೇವೆಗಳು ಒಂದೊಂದಾಗಿ ನಿಂತದ್ದು ಕಾಣುತ್ತದೆ. ಮಾಮೂಲಿ ಸಾಲುಗಳ ನಡುವೆಯೇ ತಟ್ಟನೆ ಮುಗಿದಿದ್ದರೆ ಬಹುಪಾಲು ಕರೆಂಟ್ ಹೋದದ್ದೇ. ಅದಕ್ಕೂ ಮೊದಲು ‘ಟೆಂಪರೇಚರ್ ಅಬೋವ್ ಥ್ರೆಶೋಲ್ಡ್’ ಎಂದು ಹಲವು ಸಲ ಬಂದಿದ್ದರೆ ಯಂತ್ರ ಕಾದಿದೆ. ಫ್ಯಾನ್‌ಗೆ ತೊಗರಿ ಧೂಳು ಮೆತ್ತಿದೆಯೇ ನೋಡಿ. ‘ಔಟ್ ಆಫ್ ಮೆಮೊರಿ’ ಕಂಡರೆ ಪ್ರೋಗ್ರಾಂ ಮೆಮೊರಿ ನುಂಗುತ್ತಿದೆ. ‘ಐ/ಓ ಎರರ್’ ಜೊತೆಗೆ ಡಿಸ್ಕಿನ ಹೆಸರು ಕಂಡರೆ ಬೇರೆಲ್ಲ ಕೆಲಸ ಬಿಟ್ಟು ಅವತ್ತೇ ಬ್ಯಾಕಪ್ ತೆಗೆಯಿರಿ, ಹೊಸ ಡಿಸ್ಕ್ ತರುವುದು ಆಮೇಲೆ.