ಕ್ರ್ಯಾನ್‌ಬೆರಿ ಮಾತ್ರೆ ಕೊಳ್ಳುವ ಮುನ್ನ ಡಬ್ಬಿಯ ಹಿಂಬದಿ ಓದಿ
ಆರು ತಿಂಗಳಲ್ಲಿ 2 ಅಥವಾ ವರ್ಷದಲ್ಲಿ 3 ಬಾರಿ ಮೂತ್ರದ ಸೋಂಕಾಗುವ ಮಹಿಳೆಯರಿಗೆ, ಆ್ಯಂಟಿಬಯಾಟಿಕ್ ಅಲ್ಲದ ಪೂರಕಗಳ ಪೈಕಿ ಹೆಚ್ಚು ಆಧಾರವಿರುವುದು ಕ್ರ್ಯಾನ್‌ಬೆರಿ ಎಂಬ ಹುಳಿ ಕೆಂಪು ಹಣ್ಣಿಗೆ. ಅದರಲ್ಲಿರುವ ಪ್ರೊಆಂಥೋಸಯನಿಡಿನ್ ಎಂಬ ಅಂಶವು ಈ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ. ಕೋಲಿ ಬ್ಯಾಕ್ಟೀರಿಯಾ ಮೂತ್ರಕೋಶದ ಒಳಗೋಡೆಗೆ ಅಂಟಿಕೊಳ್ಳದಂತೆ ತಡೆಯುತ್ತದೆ. ಆದ್ದರಿಂದ ಡಬ್ಬಿಯ ಮುಂಭಾಗದಲ್ಲಿ ದಪ್ಪಕ್ಷರದಲ್ಲಿರುವ ‘ಸಾರ 500 ಮಿ.ಗ್ರಾಂ’ ಎಂಬುದಕ್ಕೆ ಮಾರುಹೋಗದೆ, ಹಿಂಬದಿಯ ಸಣ್ಣಕ್ಷರಗಳಲ್ಲಿ ಈ ಅಂಶ ಎಷ್ಟಿದೆ ಎಂದು ನೋಡಿರಿ. ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಬಳಸಿದ್ದು ದಿನಕ್ಕೆ 36 ಮಿ.ಗ್ರಾಂ. ಅಷ್ಟನ್ನೂ ನಮೂದಿಸದ ಡಬ್ಬಿಯನ್ನು ನಾನಂತೂ ಕೊಳ್ಳುವುದಿಲ್ಲ. ಇದೇ ಸೋಂಕು ತಡೆಯಲೆಂದು ಮಾರುವ ಡಿ-ಮ್ಯಾನೋಸ್ ಎಂಬ ಸಕ್ಕರೆಯ ಪುಡಿಯ ಬಗ್ಗೆ ನನಗೂ ಭರವಸೆಯಿತ್ತು, ಆದರೆ 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಅದರಿಂದ ಪ್ರಯೋಜನ ಕಂಡುಬರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಕ್ರ್ಯಾನ್‌ಬೆರಿ ತೆಗೆದುಕೊಳ್ಳಬಾರದು. ಜ್ವರ, ಚಳಿ, ಪಕ್ಕೆನೋವು ಇದ್ದಾಗ ಪೂರಕಗಳನ್ನು ನೆಚ್ಚಿಕೊಂಡು ಕೂರದೆ ಕೂಡಲೇ ವೈದ್ಯರ ಬಳಿಗೆ ಹೋಗಬೇಕು.